ಇಪ್ಪತ್ತೇಳು ಎಲ್ಲಿ ಹೋಯಿತು? ಅಂಕಪಟ್ಟಿಗೆ ಸಹಿ ಹಾಕುವವರಿಗೊಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು, ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ,
ಹಾಗೂ ರಾಜ್ಯದ ಎಲ್ಲ ವಿಶ್ವವಿದ್ಯಾಲಯಗಳ ಕುಲಸಚಿವರು (ಮೌಲ್ಯಮಾಪನ)

ಮಾನ್ಯರೇ,

ನಾನು ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದ ಮೇಷ್ಟ್ರು. ಏಪ್ರಿಲ್ ಬಂತೆಂದರೆ ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನಕ್ಕೆ ಆರ್ಡರ್ ಬರುತ್ತಿತ್ತು. ಊರಲ್ಲಿ ಜಾತ್ರೆ ಇರಲಿ, ನೆಂಟರ ಮನೆಯಲ್ಲಿ ಮದುವೆ ಇರಲಿ, ಬೆಳಿಗ್ಗೆ ಕೇಂದ್ರಕ್ಕೆ ಹೋಗಿ ಬಂಡಲ್ ಇಸಿದುಕೊಂಡು ಕೂರಲೇಬೇಕು. ಹೀಗೆ ಇಪ್ಪತ್ತೆರಡು ಬೇಸಿಗೆ ಕಳೆದಿದ್ದೇನೆ. ಎಷ್ಟು ಮಕ್ಕಳ ಹಣೆಬರಹಕ್ಕೆ ಕೆಂಪು ಶಾಯಿ ಹಚ್ಚಿದ್ದೇನೋ ಲೆಕ್ಕವಿಲ್ಲ. ಲೆಕ್ಕದ ಮೇಷ್ಟ್ರಾಗಿ ಹೀಗೆ ಹೇಳುವುದಕ್ಕೆ ನಾಚಿಕೆಯಾಗುತ್ತದೆ. ಆದರೆ ಒಂದು ವರ್ಷ ಮಾತ್ರ ಲೆಕ್ಕ ಇಟ್ಟಿದ್ದೆ. ಆ ಲೆಕ್ಕವೇ ಈ ಪತ್ರಕ್ಕೆ ಕಾರಣ.

ಬ್ಯಾಂಕಿನವರು ಕೊಟ್ಟ ಡೈರಿಯೊಂದು ಆ ವರ್ಷ ನನ್ನ ಚೀಲದಲ್ಲಿತ್ತು. ಅದರ ಕೊನೆಯ ಹಾಳೆಗಳಲ್ಲಿ ಸೊನ್ನೆಯಿಂದ ಎಂಬತ್ತರವರೆಗೆ ಸಂಖ್ಯೆ ಬರೆದುಕೊಂಡು, ದಿನದ ಕೆಲಸ ಮುಗಿದ ಮೇಲೆ ನಾನು ಕೊಟ್ಟ ಅಂಕಗಳಿಗೆ ಒಂದೊಂದು ಗೀಟು ಹಾಕುತ್ತಾ ಹೋದೆ. ನಾಲ್ಕು ಗೀಟು, ಐದನೆಯದು ಅಡ್ಡ. ಒಂಬತ್ತನೇ ತರಗತಿಯಲ್ಲಿ ಸಂಖ್ಯಾಶಾಸ್ತ್ರದ ಪಾಠಕ್ಕೆ ಪುಸ್ತಕದ ಉದಾಹರಣೆಗಿಂತ ಸಾಚಾ ಉದಾಹರಣೆ ಬೇಕಿತ್ತು, ಅಷ್ಟೇ ಉದ್ದೇಶ. ಹೆಸರಿಲ್ಲ, ನಂಬರಿಲ್ಲ, ಬರೀ ಗೀಟು. ಶಿಬಿರ ಮುಗಿದ ರಾತ್ರಿ ಬಸ್ಸಿನಲ್ಲಿ ಡೈರಿ ತೆಗೆದು ನೋಡಿದರೆ, 28ರ ಎದುರು ಗೀಟುಗಳು ಸಾಲು ಮೀರಿ ಅಂಚಿಗೆ ಹೋಗಿವೆ. 26ರ ಎದುರು ಎರಡು. 27ರ ಎದುರು ಒಂದೂ ಇಲ್ಲ.

ಎಂಬತ್ತು ಅಂಕದ ಲಿಖಿತ ಪತ್ರಿಕೆಯಲ್ಲಿ ಆಗ ಪಾಸಿನ ಗಡಿ 28. ಅಷ್ಟು ದಿನದಲ್ಲಿ ನನ್ನ ಕೈಗೆ ಬಂದ ಒಬ್ಬ ಮಗುವೂ 27 ತೆಗೆದುಕೊಂಡಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ತೆಗೆದುಕೊಂಡಿದ್ದರು. ನಾನೇ ಅವರನ್ನು ಗಡಿ ದಾಟಿಸಿದ್ದೆ.

ಒಂದು ಪತ್ರಿಕೆ ಚೆನ್ನಾಗಿ ನೆನಪಿದೆ. ಕೂಡಿದರೆ ಸರಿಯಾಗಿ 27. ಮೊದಲಿನಿಂದ ಪುಟ ತಿರುವಿದೆ. ಪೈಥಾಗೊರಸನ ಪ್ರಮೇಯ ಸಾಧಿಸುವ ಪ್ರಶ್ನೆಗೆ ಮಗು ಚಿತ್ರ ಬರೆದಿದೆ, ‘ದತ್ತ’ ಬರೆದಿದೆ, ‘ಸಾಧನೀಯ’ ಬರೆದಿದೆ, ಅಲ್ಲಿಗೆ ನಿಂತಿದೆ. ‘ರಚನೆ’ ಎಂದು ಬರೆದು ಮುಂದೆ ಖಾಲಿ ಬಿಟ್ಟಿದೆ. ಆದರೆ ಚಿತ್ರದಲ್ಲಿ ಲಂಬ ಕೋನದ ಶೃಂಗದಿಂದ ವಿಕರ್ಣಕ್ಕೆ ಚುಕ್ಕಿ ಗೆರೆಯೊಂದನ್ನು, ಅಳಿಸಿ ತಿದ್ದಿ, ಎಳೆದಿದೆ. ಕೀ ಉತ್ತರದಲ್ಲಿ ರಚನೆಗೆ ಅರ್ಧ ಅಂಕ. ಮಾತಿನಲ್ಲಿ ಬರೆಯದಿದ್ದರೇನು, ಗೆರೆ ಎಳೆದಿದೆಯಲ್ಲ! ಅರ್ಧ ಕೊಟ್ಟೆ. ಇಪ್ಪತ್ತೇಳೂವರೆ. ಅರ್ಧ ಬಂದರೆ ಮುಂದಿನ ಪೂರ್ಣಾಂಕಕ್ಕೆ ಏರಿಸುವುದು ರೂಢಿ. ಇಪ್ಪತ್ತೆಂಟು.

ನಾನು ಮಾಡಿದ್ದು ತಪ್ಪೇ? ಇವತ್ತಿಗೂ ಹಾಗನ್ನಿಸುವುದಿಲ್ಲ. ಆದರೆ ಅದೇ ಚುಕ್ಕಿ ಗೆರೆಯನ್ನು 41 ಅಂಕದ ಮಗು ಎಳೆದಿದ್ದರೆ ನಾನು ಮತ್ತೊಮ್ಮೆ ಪುಟ ತಿರುವುತ್ತಿರಲಿಲ್ಲ. ಅದರ ಅರ್ಧ ಅಂಕ ಹಾಗೇ ಹೋಗುತ್ತಿತ್ತು. ನನ್ನ ಮನಸ್ಸಿಗೆ ಚುಚ್ಚುವುದು ಅದು. ಅಂಕ ಎನ್ನುವುದು ಥರ್ಮಾಮೀಟರಿನ ಪಾದರಸವಲ್ಲ. ಮನುಷ್ಯರು ಕೂತು, ಗಡಿ ನೋಡಿ, ಕರುಣೆ ನೋಡಿ, ಮೇಲಿನವರ ಸುತ್ತೋಲೆ ನೋಡಿ ಮಾಡುವ ವಸ್ತು ಅದು. ಮಾಡುವುದು ಹೇಗೆಂಬುದು ಮಾಡುವವರಿಗೆಲ್ಲ ಗೊತ್ತು. ಅದನ್ನು ಕಟ್ಟಿಕೊಂಡು ಜೀವನ ಮಾಡುವವರಿಗೆ ಮಾತ್ರ ಗೊತ್ತಿಲ್ಲ.

ಇದು ನನ್ನೊಬ್ಬನ ಡೈರಿಯ ಕಥೆಯಲ್ಲ. 2013ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಭಾರತದ ಹುಡುಗನೊಬ್ಬ ಐಸಿಎಸ್‌ಇ (ಹತ್ತನೇ ತರಗತಿ), ಐಎಸ್‌ಸಿ (ಹನ್ನೆರಡನೇ ತರಗತಿ) ಪರೀಕ್ಷೆಗಳ ಫಲಿತಾಂಶವನ್ನು ಜಾಲತಾಣದಿಂದ ಇಡಿಯಾಗಿ ಇಳಿಸಿಕೊಂಡು ನಕ್ಷೆ ಎಳೆದ. ಅವನು ಮಾಡಿದ್ದೂ ಗೀಟು ಹಾಕುವ ಕೆಲಸವೇ, ಕಂಪ್ಯೂಟರಿನಲ್ಲಿ. ನೋಡಿದರೆ 81, 82, 84, 85, 87, 89, 91, 93 – ಇಂಥ ಅಂಕಗಳನ್ನು ದೇಶದಲ್ಲಿ ಯಾರೂ ಪಡೆದೇ ಇಲ್ಲ! ಐಸಿಎಸ್‌ಇಯಲ್ಲಿ ಆಗ ಪಾಸಿನ ಗಡಿ 35. ಅದರ ಕೆಳಗಿನ 34, 33, 32 ಕೂಡ ನಾಪತ್ತೆ. ನಕ್ಷೆ ನೋಡಿದರೆ ಹಲ್ಲು ಬಿದ್ದ ಬಾಚಣಿಗೆ. ಮಂಡಳಿಯವರು ಅದು ಅಂಕಗಳನ್ನು ಸಮೀಕರಿಸುವ ಪ್ರಕ್ರಿಯೆ ಎಂದರು. ಇರಬಹುದು. ಆದರೆ ಹಾಗೊಂದು ಪ್ರಕ್ರಿಯೆ ಇದೆಯೆಂದು ಒಬ್ಬ ವಿದ್ಯಾರ್ಥಿ ಮಾಹಿತಿ ಜಾಲಾಡಿದ ಮೇಲೆ ಜನಕ್ಕೆ ತಿಳಿಯಬೇಕೆ?

2017ರ ಏಪ್ರಿಲ್‌ನಲ್ಲಿ ಸಿಬಿಎಸ್‌ಇ ಮತ್ತು ಹಲವು ರಾಜ್ಯಗಳ ಮಂಡಳಿಗಳು ಸೇರಿ, ಪತ್ರಿಕೆ ಕಠಿಣವಾಯಿತೆಂದು ಅಂಕ ಏರಿಸುವ ‘ಮಾಡರೇಶನ್’ ಪದ್ಧತಿ ಕೈಬಿಡುವುದಾಗಿ ತೀರ್ಮಾನಿಸಿದವು. ಪರೀಕ್ಷೆ ಮುಗಿದ ಮೇಲೆ ನಿಯಮ ಬದಲಿಸುವುದು ಸರಿಯಲ್ಲವೆಂದು ದೆಹಲಿ ಹೈಕೋರ್ಟ್ ಮೇ ತಿಂಗಳಲ್ಲಿ ಆ ವರ್ಷದ ಮಟ್ಟಿಗೆ ಹಳೆಯ ಪದ್ಧತಿಯನ್ನೇ ಮುಂದುವರಿಸಲು ಹೇಳಿತು. ಆ ವಿಚಾರಣೆಯ ಸುದ್ದಿ ಓದಿದಾಗಲೇ ಎಷ್ಟೋ ತಂದೆ ತಾಯಿಗೆ ತಮ್ಮ ಮಕ್ಕಳ ಅಂಕದೊಳಗೆ ಹೀಗೊಂದು ವಗ್ಗರಣೆ ಬಿದ್ದಿತ್ತೆಂದು ತಿಳಿದದ್ದು.

ಈಗ ನಮ್ಮ ಮನೆಗೇ ಬರೋಣ. ಎಸ್‌ಎಸ್‌ಎಲ್‌ಸಿ ಉತ್ತೀರ್ಣ ಪ್ರಮಾಣ 2021ರಲ್ಲಿ ಶೇ 99.99. ಕೋವಿಡ್ ವರ್ಷ, ಎರಡು ದಿನದ ಪರೀಕ್ಷೆ, ಬಹು ಆಯ್ಕೆಯ ಪ್ರಶ್ನೆ. 2022ರಲ್ಲಿ 85.63. 2023ರಲ್ಲಿ 83.89. 2024ರಲ್ಲಿ 73.40. 2025ರ ಪರೀಕ್ಷೆ-1ರಲ್ಲಿ, ಅಂದರೆ ಆ ವರ್ಷದ ಮೊದಲ ಅವಕಾಶದಲ್ಲಿ, 62.34. ಈ ಅಂಕಿಗಳನ್ನು ಹೀಗೇ ಒಂದರ ಕೆಳಗೊಂದು ಬರೆದು ನಮ್ಮೂರ ಕಟ್ಟೆಯ ಮೇಲಿಟ್ಟರೆ, ‘ಅಯ್ಯೋ, ಮಕ್ಕಳು ವರ್ಷ ವರ್ಷ ದಡ್ಡರಾಗ್ತಿದಾರಲ್ಲ ಮೇಷ್ಟ್ರೇ’ ಅನ್ನುತ್ತಾರೆ. ಅಂದಿದ್ದಾರೆ ಕೂಡ. ಮಕ್ಕಳು ಅದೇ ಮಕ್ಕಳು. ಬದಲಾದದ್ದು ಅಳತೆಗೋಲು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು, ನಕಲು ನಿಂತಿತು, ಫಲಿತಾಂಶ ಧೊಪ್ಪನೆ ಬಿತ್ತು. ಆಗ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಲಾಯಿತು. ಅದರಿಂದ ದಡ ಸೇರಿದವರು ಸುಮಾರು 1.7 ಲಕ್ಷ ಮಕ್ಕಳು. ಕೃಪಾಂಕ ಇಲ್ಲದಿದ್ದರೆ ಆ 73.40 ಎನ್ನುವುದು 53ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಮರುವರ್ಷ ಕೃಪಾಂಕ ತೆಗೆದರು, ಕ್ಯಾಮೆರಾ ಉಳಿಯಿತು, 62.34 ಬಂತು. ಅಂದರೆ ಮೇಲ್ನೋಟಕ್ಕೆ ಹನ್ನೊಂದು ಅಂಶ ಕುಸಿದ ಫಲಿತಾಂಶ ನಿಜದಲ್ಲಿ ಒಂಬತ್ತು ಅಂಶದಷ್ಟು ಏರಿತ್ತು! ಆ ವರ್ಷ ಸುಧಾರಿಸಿದ ಮೇಷ್ಟ್ರುಗಳನ್ನೂ ಮಕ್ಕಳನ್ನೂ ಬೆನ್ನು ತಟ್ಟಬೇಕಿತ್ತು. ಬದಲಿಗೆ ನೋಟಿಸು, ತರಾಟೆ.

2025–26ರಿಂದ ಗಡಿಯೇ ಬದಲಾಗಿದೆ. ಒಟ್ಟು 625ಕ್ಕೆ 206, ಅಂದರೆ ಶೇ 33. ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30. ಸಿಬಿಎಸ್‌ಇಯಲ್ಲಿ 33 ಇರುವಾಗ ನಮ್ಮ ಮಕ್ಕಳಿಗೇಕೆ 35 ಎನ್ನುವ ವಾದದಲ್ಲಿ ಹುರುಳಿದೆ, ನನ್ನ ತಕರಾರಿಲ್ಲ. ಆದರೆ 2023, 2024, 2025, 2026 – ಈ ನಾಲ್ಕು ವರ್ಷದ ನಾಲ್ಕು ‘ಪಾಸು’ಗಳು ನಾಲ್ಕು ಬೇರೆ ವಸ್ತುಗಳು. ಹತ್ತು ವರ್ಷದ ನಂತರ ಯಾವುದೋ ನೇಮಕಾತಿಯ ಮೇಜಿನ ಮೇಲೆ ಅವು ನಾಲ್ಕೂ ಒಂದೇ ಸಾಲಿನಲ್ಲಿ ಕೂರುತ್ತವೆ.

ಶಾಲೆಯಲ್ಲೇ ಕೊಡುವ ಆಂತರಿಕ ಅಂಕದ ವಿಷಯ ಬೇಗ ಮುಗಿಸುತ್ತೇನೆ, ಇದು ಎಲ್ಲರಿಗೂ ಗೊತ್ತಿರುವ ಗುಟ್ಟು. ಇಪ್ಪತ್ತಕ್ಕೆ ಇಪ್ಪತ್ತು, ಹತ್ತೊಂಬತ್ತು, ಹದಿನೆಂಟು. ನಾನೂ ಕೊಟ್ಟವನೇ. ಪಕ್ಕದ ಶಾಲೆಯವರು ಇಪ್ಪತ್ತು ಕೊಡುವಾಗ ನಾನು ಹರಿಶ್ಚಂದ್ರನಾಗಿ ಹನ್ನೆರಡು ಕೊಟ್ಟರೆ ಪೆಟ್ಟು ತಿನ್ನುವವರು ನನ್ನ ಮಕ್ಕಳು. ಫಲಿತಾಂಶದ ದಿನ ಜಿಲ್ಲೆಗಳ ಪಟ್ಟಿ ಬಿಡುಗಡೆಯಾಗುತ್ತದೆ. 2024ರಲ್ಲಿ ಉಡುಪಿ ಮೊದಲು, ಯಾದಗಿರಿ ಕೊನೆ. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಕಲಬುರಗಿ ಕೊನೆ. ಆ ಪಟ್ಟಿ ಜಿಲ್ಲೆಯ ಶಿಕ್ಷಣಾಧಿಕಾರಿ ಡಿಡಿಪಿಐ ಅವರ ತಲೆಯ ಮೇಲೆ, ಅವರಿಂದ ತಾಲ್ಲೂಕಿನ ಬಿಇಒ ತಲೆಯ ಮೇಲೆ, ಅವರಿಂದ ಮುಖ್ಯ ಶಿಕ್ಷಕರ ಮೇಲೆ, ಕೊನೆಗೆ ನನ್ನ ಕೆಂಪು ಪೆನ್ನಿನ ಮೇಲೆ ಬಂದು ಕೂರುತ್ತದೆ. ಸುಳ್ಳು ಹೇಳಿ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ನಮ್ಮ ತಾಲ್ಲೂಕಿನ ಮರ್ಯಾದೆ ನೋಡ್ಕೊಳ್ರಪ್ಪ’ ಅನ್ನುತ್ತಾರೆ.

ಅಂಕದ ಕಾಟ ತಪ್ಪಿಸುವುದಕ್ಕೆ ಗ್ರೇಡು ಬಂತಲ್ಲ ಅನ್ನುತ್ತೀರಿ. ಬಂತು, ಜತೆಗೆ ಹೊಸ ಗೋಜಲನ್ನೂ ತಂತು. 2009–10ರಲ್ಲಿ ಸಿಬಿಎಸ್‌ಇ ಹತ್ತನೇ ತರಗತಿಗೆ ಅಂಕ ತೆಗೆದು ಒಂಬತ್ತು ದರ್ಜೆಯ ಗ್ರೇಡು ತಂದಾಗ 91ರ ಮೇಲೆ ಬಂದವರೆಲ್ಲ ಎ1. ಪಿಯು ಕಾಲೇಜಿನ ಕೌಂಟರಿನಲ್ಲಿ ಶೇಕಡಾವಾರು ಕೇಳುತ್ತಿದ್ದರಲ್ಲ, ಅದಕ್ಕೆ ಸಿಜಿಪಿಎಯನ್ನು, ಅಂದರೆ ಹತ್ತಕ್ಕೆ ಲೆಕ್ಕ ಹಾಕಿದ ಗ್ರೇಡುಗಳ ಸರಾಸರಿಯನ್ನು, 9.5ರಿಂದ ಗುಣಿಸಿ ಎಂದರು. ಈ 9.5 ಎಲ್ಲಿಂದ ಬಂತು? ಹಿಂದಿನ ವರ್ಷಗಳಲ್ಲಿ 91ರಿಂದ 100ರೊಳಗೆ ಬಂದವರ ಸರಾಸರಿ ಸುಮಾರು 95 ಇತ್ತು, ಅದನ್ನು ಹತ್ತರಿಂದ ಭಾಗಿಸಿದರು. ಹೀಗಾಗಿ ಹತ್ತಕ್ಕೆ ಹತ್ತು ತೆಗೆದ ಮಗುವೂ ಶೇ 95ರಲ್ಲೇ ನಿಂತಿತು. 91 ತೆಗೆದವಳೂ 95, 99 ತೆಗೆದವಳೂ 95. 2018ರಲ್ಲಿ ಬೋರ್ಡ್ ಪರೀಕ್ಷೆ ಎಲ್ಲರಿಗೂ ಕಡ್ಡಾಯವಾಗಿ ಮರಳಿತು, ಅಂಕವೂ ಬಂತು. ಎ1 ಎನ್ನುವ ಹೆಸರು ಉಳಿಯಿತು, ಅರ್ಥ ಬೇರೆಯಾಯಿತು: ಆ ವಿಷಯದಲ್ಲಿ ಪಾಸಾದವರನ್ನು ಸಾಲಾಗಿ ನಿಲ್ಲಿಸಿ ಮೇಲಿನ ಎಂಟನೆಯ ಒಂದು ಭಾಗಕ್ಕೆ ಎ1. ಒಂದು ಕಾಲದ ಎ1 ನಿನ್ನ ಅಂಕ ಹೇಳುತ್ತಿತ್ತು, ಇನ್ನೊಂದು ಕಾಲದ ಎ1 ಸಾಲಿನಲ್ಲಿ ನಿನ್ನ ಜಾಗ ಹೇಳುತ್ತದೆ. ಅಕ್ಷರ ಅದೇ!

ಕುಲಸಚಿವರೇ, ಇನ್ನು ನಿಮ್ಮ ಕಡೆ ತಿರುಗುತ್ತೇನೆ.

ಹೋದ ವರ್ಷ ಮಳೆಗಾಲದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿ, ಈಗ ಎಂಜಿನಿಯರಿಂಗ್ ಮುಗಿಸಿದ ಹುಡುಗಿ, ಪ್ಲಾಸ್ಟಿಕ್ ಫೈಲು ಹಿಡಿದು ಮನೆಗೆ ಬಂದಳು. ಓದಿದ್ದು ಎಲ್ಲಿ ಎಂಬುದು ಇಲ್ಲಿ ಬೇಡ. ‘ಸಾರ್, ನಂದು ಎಷ್ಟು ಪರ್ಸೆಂಟು ಹೇಳಿ’ ಅಂದಳು. ಸಿಜಿಪಿಎ 7.2. ಹತ್ತರಿಂದ ಗುಣಿಸಿದರೆ ಶೇ 72. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇಯ ಕೋಷ್ಟಕದ ಪ್ರಕಾರ 0.75 ಕಳೆದು ಹತ್ತರಿಂದ ಗುಣಿಸಿದರೆ 64.5. ಸಿಬಿಎಸ್‌ಇ ಹಳೆಯ ಸೂತ್ರಕ್ಕೆ ಹಾಕಿದರೆ 68.4. ಮುಂಬೈ ವಿಶ್ವವಿದ್ಯಾಲಯ ಬಳಸಿರುವ ಒಂದು ಸೂತ್ರದಲ್ಲಿ, ಅಂದರೆ 7.1ರಿಂದ ಗುಣಿಸಿ 11 ಕೂಡಿಸಿದರೆ, 62.12. ಒಬ್ಬಳೇ ಹುಡುಗಿ, ನಾಲ್ಕು ಉತ್ತರ. ಪರೀಕ್ಷೆಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ನಾನು ಸೊನ್ನೆ ಸುತ್ತುತ್ತಿದ್ದೆ.

ಅವಳಿಗೆ ಜರ್ಮನಿಯಲ್ಲಿ ಎಂ.ಎಸ್. ಮಾಡುವ ಆಸೆ. ಅಲ್ಲಿ 1 ಅತ್ಯುತ್ತಮ, 4 ಪಾಸಿನ ಗಡಿ, ನಮ್ಮದರ ತಲೆಕೆಳಗು. ಹೊರದೇಶದ ಅಂಕವನ್ನು ತಮ್ಮದಕ್ಕೆ ಇಳಿಸಿಕೊಳ್ಳಲು ‘ಬವೇರಿಯನ್ ಸೂತ್ರ’ ಬಳಸುತ್ತಾರೆ: ಗರಿಷ್ಠದಿಂದ ನಿನ್ನ ಅಂಕ ಕಳೆ, ಗರಿಷ್ಠದಿಂದ ಪಾಸಿನ ಗಡಿ ಕಳೆದು ಬಂದದ್ದರಿಂದ ಭಾಗಿಸು, ಮೂರರಿಂದ ಗುಣಿಸು, ಒಂದು ಕೂಡಿಸು. ಸಿಜಿಪಿಎಯನ್ನೇ ನೇರವಾಗಿ ಹಾಕಿದೆವು. ಗರಿಷ್ಠ 10, ಪಾಸು 4, ಅವಳದು 7.2. ಉತ್ತರ 2.4. ಆಮೇಲೆ ಶೇಕಡಾವಾರಿನಲ್ಲಿ ಹಾಕಿದೆವು. ಗರಿಷ್ಠ 100, ಪಾಸು 40, ಅವಳದು 64.5. ಉತ್ತರ 2.8. ಅವಳು ಅರ್ಜಿ ಹಾಕಬೇಕೆಂದಿದ್ದ ಕೋರ್ಸಿಗೆ 2.5ರೊಳಗೆ ಇರಬೇಕಿತ್ತು. ಒಂದು ಸೂತ್ರದಲ್ಲಿ ಅವಳು ವಿಮಾನದೊಳಗೆ, ಇನ್ನೊಂದರಲ್ಲಿ ನಿಲ್ದಾಣದ ಹೊರಗೆ. ಅಂಕಪಟ್ಟಿಯ ಹಿಂದೆ ಮುಂದೆ ತಿರುಗಿಸಿ ನೋಡಿದೆ. ಯಾವ ಸೂತ್ರ ಬಳಸಬೇಕೆಂದು ಒಂದು ಸಾಲಿಲ್ಲ. ಹೊಲೋಗ್ರಾಮ್ ಮಾತ್ರ ಎರಡಿದ್ದವು.

ವಿಶ್ವವಿದ್ಯಾಲಯ ಅನುದಾನ ಆಯೋಗದವರು (ಯುಜಿಸಿ) 2015ರಲ್ಲಿ ಹತ್ತು ಅಂಶದ ಗ್ರೇಡು ಶಿಫಾರಸು ಮಾಡಿದಾಗ ಒ, ಎ+, ಎ ಎಂದು ಅಕ್ಷರಗಳನ್ನೇನೋ ಒಂದು ಮಾಡಿದರು. ಆದರೆ ಯಾವ ಅಂಕಕ್ಕೆ ಯಾವ ಅಕ್ಷರ, ತರಗತಿಯವರ ಜತೆ ಹೋಲಿಸಿ ಕೊಡಬೇಕೋ ಅಥವಾ ಗಳಿಸಿದ ಅಂಕದ ಮೇಲೆ ನೇರವಾಗಿಯೋ ಎಂಬುದನ್ನು ವಿಶ್ವವಿದ್ಯಾಲಯಗಳಿಗೆ ಬಿಟ್ಟರು. ಪರಿಣಾಮ ನಿಮಗೇ ಗೊತ್ತು. ಮೇಲಿಂದ ನಮ್ಮ ರಾಜ್ಯದಲ್ಲಿ 2021–22ರಲ್ಲಿ ಪದವಿಗೆ ನಾಲ್ಕು ವರ್ಷದ ಪದ್ಧತಿ ಬಂತು, 2024–25ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಒಂದೇ ಕಾಲೇಜಿನ ಒಂದೇ ಕಾರಿಡಾರಿನಲ್ಲಿ ಅಣ್ಣನದೊಂದು ಸ್ಕೀಮು, ತಂಗಿಯದೊಂದು ಸ್ಕೀಮು. ಅಂಕಪಟ್ಟಿ ಓದುವವನಿಗೆ ಅದರ ಸುಳಿವೂ ಸಿಗುವುದಿಲ್ಲ.

ನಾನು ಕೇಳುತ್ತಿರುವುದು ಅಂಕ ರದ್ದು ಮಾಡಿ ಎಂದಲ್ಲ. ಗ್ರೇಡು ಬೇಡ ಎಂದೂ ಅಲ್ಲ. ಕೃಪಾಂಕವೂ ಇರಲಿ, ಕೃಪೆಯಿಲ್ಲದ ಪರೀಕ್ಷೆಯನ್ನು ನಾನೂ ನಡೆಸಲಾರೆ. ಅಂಕದ ಜತೆ ಅಂಕಗಳ ಹಂಚಿಕೆಯನ್ನೂ ಪ್ರಕಟಿಸಿ, ಇಷ್ಟೇ ನನ್ನ ಮನವಿ.

ಫಲಿತಾಂಶದ ದಿನ ಪತ್ರಿಕಾಗೋಷ್ಠಿಯಲ್ಲಿ 625ಕ್ಕೆ 625 ತೆಗೆದವರ ಹೆಸರು ಓದುತ್ತೀರಿ, ಜಿಲ್ಲೆಗಳ ಪಟ್ಟಿ ಕೊಡುತ್ತೀರಿ. ಜತೆಗೆ ಪ್ರತಿ ವಿಷಯಕ್ಕೆ ಒಂದು ಪುಟ ಸೇರಿಸಿ: ಸೊನ್ನೆ ತೆಗೆದವರೆಷ್ಟು, ಒಂದು ತೆಗೆದವರೆಷ್ಟು, ಹೀಗೆ ಕೊನೆಯವರೆಗೆ. ಲಿಖಿತದ್ದು ಬೇರೆ, ಆಂತರಿಕದ್ದು ಬೇರೆ. ಕೃಪಾಂಕ ಕೊಟ್ಟ ವರ್ಷ ಕೊಡುವ ಮುಂಚಿನದೊಂದು ಸಾಲು, ಕೊಟ್ಟ ಮೇಲಿನದೊಂದು ಸಾಲು. ಮಗುವಿನ ಅಂಕಪಟ್ಟಿಯ ಮೇಲೆ ಕೃಪಾಂಕದ ಮುದ್ರೆ ಒತ್ತಬೇಡಿ. ಅದು ಹಣೆಗೆ ಬರೆ ಹಾಕಿದಂತೆ, ನಾನು ಅದರ ಕಡು ವಿರೋಧಿ. ಲೆಕ್ಕ ಊರಿನದ್ದು ಇರಲಿ, ಹೆಸರು ಯಾರದ್ದೂ ಬೇಡ. ಅಂಕಗಳೆಲ್ಲ ಹೇಗೂ ನಿಮ್ಮ ಕಂಪ್ಯೂಟರಿನಲ್ಲಿವೆ. ಅರ್ಧ ಗಂಟೆಯ ಕೆಲಸ.

ವಿಶ್ವವಿದ್ಯಾಲಯದವರು ಅಂಕಪಟ್ಟಿಯ ಹಿಂಬದಿಯನ್ನು ಬಳಸಿ. ಎಷ್ಟರಿಂದ ಎಷ್ಟಕ್ಕೆ ಯಾವ ಗ್ರೇಡು, ಶೇಕಡಾವಾರಿಗೆ ಯಾವ ಸೂತ್ರ, ಆ ಬ್ಯಾಚಿನಲ್ಲಿ ಯಾವ ಗ್ರೇಡು ಶೇಕಡ ಎಷ್ಟು ಜನಕ್ಕೆ ಬಂತು. ಇದೇನೂ ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಯುರೋಪಿನವರು ಮೊದಲು ಪಾಸಾದವರನ್ನು ನೂರಕ್ಕೆ 10, 25, 30, 25, 10 ಎಂದು ಐದು ಪಾಲು ಮಾಡಿ ಎ ಇಂದ ಇ ವರೆಗೆ ಹೆಸರಿಡುತ್ತಿದ್ದರು. ಅದು ಸರಿಹೋಗದೆ ಬಿಟ್ಟು, ಈಗ ಪ್ರತಿ ವಿಶ್ವವಿದ್ಯಾಲಯವೂ ತನ್ನ ಗ್ರೇಡುಗಳ ಹಂಚಿಕೆಯ ಕೋಷ್ಟಕವನ್ನು ಕೊಡಲಿ, ಓದುವವರು ಹೋಲಿಸಿಕೊಳ್ಳಲಿ ಎನ್ನುತ್ತಾರೆ. ಆ ಕೋಷ್ಟಕವೊಂದು ಇದ್ದಿದ್ದರೆ ನನ್ನ ವಿದ್ಯಾರ್ಥಿನಿಯ 7.2 ಅವಳ ಬ್ಯಾಚಿನಲ್ಲಿ ಎಲ್ಲಿ ನಿಲ್ಲುತ್ತದೆಂದು ಅಲ್ಲಿಯವರಿಗೆ ಸೂತ್ರದ ಹಂಗಿಲ್ಲದೆ ತಿಳಿಯುತ್ತಿತ್ತು.

ಇದರಿಂದ ಕೋಚಿಂಗ್‌ನವರಿಗೆ ಹೊಸ ಫ್ಲೆಕ್ಸು ಕಟ್ಟಲು ಸರಕು ಸಿಗುತ್ತದೆ ಎಂದು ನನ್ನ ಸಹೋದ್ಯೋಗಿಯೊಬ್ಬರು ವಾದಿಸಿದರು. ಟಾಪರುಗಳ ಫೋಟೊ ಹಾಕಿ ಈಗ ಕಟ್ಟಿರುವುದೇನು ಕಡಿಮೆಯೇ? ಮೇಲಿನ ಹತ್ತು ಜನರ ಫೋಟೊ ಊರೆಲ್ಲ ಕಾಣುತ್ತದೆ, ನಡುವಿನ ಲಕ್ಷಾಂತರ ಮಕ್ಕಳು ಎಲ್ಲಿದ್ದಾರೆಂದು ಯಾರಿಗೂ ಕಾಣುವುದಿಲ್ಲ. ಗಣಿತದಲ್ಲಿ ಎಂಬತ್ತಕ್ಕೆ ಹತ್ತರ ಕೆಳಗೆ ಎಷ್ಟು ಮಕ್ಕಳಿದ್ದಾರೆ? ಅವರಿಗೆ ಬೇಕಾದದ್ದು ಕೃಪಾಂಕವಲ್ಲ, ಏಳನೇ ತರಗತಿಯ ಭಿನ್ನರಾಶಿ. 25ರಲ್ಲಿ ನಿಂತ ಮಕ್ಕಳೆಷ್ಟು? ಅವರಿಗೆ ಎರಡು ತಿಂಗಳ ವಿಶೇಷ ತರಗತಿ ಸಾಕು. ಈ ಇಬ್ಬರನ್ನೂ ‘ಅನುತ್ತೀರ್ಣ’ ಎಂಬ ಒಂದೇ ಗೋಣಿಚೀಲಕ್ಕೆ ತುಂಬಿ, ಪರೀಕ್ಷೆ-2 ಎಂದು ಒಂದೇ ಗಾಡಿಯಲ್ಲಿ ಕಳಿಸಿದರೆ ಪಾಠ ಹೇಳುವ ಮೇಷ್ಟ್ರು ಎಲ್ಲಿಂದ ಶುರು ಮಾಡಬೇಕು?

2011ರಲ್ಲಿ ಸಿಬಿಎಸ್‌ಇ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಮೌಲ್ಯಮಾಪನವಾದ ತನ್ನ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ಮಾಹಿತಿ ಹಕ್ಕಿನಡಿ ವಿದ್ಯಾರ್ಥಿಗಿದೆ ಎಂದಿತು. ಅಲ್ಲಿಯವರೆಗೆ ಹಾಗೆ ತೋರಿಸಿದರೆ ಪರೀಕ್ಷಾ ವ್ಯವಸ್ಥೆಯೇ ಕುಸಿಯುತ್ತದೆ ಎನ್ನುವವರಿದ್ದರು. ಏನೂ ಕುಸಿಯಲಿಲ್ಲ. ಸ್ಕ್ಯಾನ್ ಪ್ರತಿ ಮನೆಗೆ ಬರುತ್ತದೆಂದು ಗೊತ್ತಾದ ಮೇಲೆ ಕೂಡುವಾಗ ನಾವೇ ಎರಡು ಸಲ ಕೂಡಲು ಕಲಿತೆವು. ನಾನು ಸತ್ಯ ಹೇಳುತ್ತಿದ್ದೇನೆ, ಅದಕ್ಕೆ ಮುಂಚೆ ಒಂದೇ ಸಲ ಕೂಡುತ್ತಿದ್ದೆ.

ಹಂಚಿಕೆ ಹೊರಗೆ ಬಂದರೆ 28ರ ಎದುರಿನ ಗುಡ್ಡವೂ 27ರ ಎದುರಿನ ಹಳ್ಳವೂ ಎಲ್ಲರಿಗೂ ಕಾಣುತ್ತವೆ. ಗಡಿ ಈಗ ಜರುಗಿದೆ, ಹಳ್ಳವೂ ಜತೆಗೇ ಜರುಗಿರುತ್ತದೆ. ಪತ್ರಿಕೆಯವರು ಬರೆಯುತ್ತಾರೆ, ಟಿವಿಯವರು ಕೂಗಾಡುತ್ತಾರೆ, ನನ್ನಂಥ ಮೇಷ್ಟ್ರುಗಳನ್ನು ಬೈಯುತ್ತಾರೆ. ಬೈಯಲಿ. ಆಗಲಾದರೂ 41ರ ಮಗುವಿನ ಚುಕ್ಕಿ ಗೆರೆಯನ್ನೂ ಯಾರಾದರೂ ಎರಡನೇ ಸಲ ನೋಡಿಯಾರು.

ಆ ಡೈರಿ ಈಗಲೂ ನನ್ನ ಬೀರುವಿನಲ್ಲಿದೆ. ಗೆದ್ದಲು ಅಂಚು ತಿಂದಿದೆ, ಗೀಟುಗಳು ಉಳಿದಿವೆ. ನೋಡಬೇಕೆನಿಸಿದರೆ ಹೇಳಿ ಕಳಿಸಿ, ನಾನೇ ಬಸ್ಸು ಹತ್ತಿ ಮಲ್ಲೇಶ್ವರದ ನಿಮ್ಮ ಕಚೇರಿಗೆ ತಂದು ತೋರಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕ